ಮಿರಗ ಕೂಡುವ ಮೊದಲು ಮಾಳಿಗೆಯ ನೀರಿಗೆ ದಾರಿ: ಕಲಬುರಗಿ ಸೀಮೆಯ ಮನೆಗಳಿಗೊಂದು ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮನೆಗಳಲ್ಲಿ ಮಾಳಿಗೆಯ ನೀರು ಇಳಿಯುವ ಪೈಪು ಬಂದಾಗಿದೆ ಎಂಬುದು ಗೊತ್ತಾಗುವುದು ಜೂನ್ ಅಥವಾ ಜುಲೈ ತಿಂಗಳ ಯಾವುದೋ ಒಂದು ರಾತ್ರಿ. ಆದರೆ ಅದು ಬಂದಾಗಲು ಆರಂಭವಾಗಿರುವುದು ಹಿಂದಿನ ದೀಪಾವಳಿಯ ಹೊತ್ತಿಗೆ. ಹಿಂಗಾರು ಮಳೆ ನಿಂತ ಮೇಲೆ ನಮ್ಮ ಕಡೆ ಆರೇಳು ತಿಂಗಳು ಮಾಳಿಗೆಯನ್ನು ತೊಳೆಯುವಂಥ ಮಳೆ ಸಾಮಾನ್ಯವಾಗಿ ಬರುವುದಿಲ್ಲ. ಈ ಅವಧಿಯಲ್ಲಿ ಎರೆಹೊಲಗಳ ಕರಿದೂಳು, ರಾಶಿ ಮಾಡುವಾಗ ಹಾರಿಬಂದ ತೊಗರಿ ಹೊಟ್ಟು, ಬೇವಿನ ಎಲೆ, ಪಾರಿವಾಳದ ಪುಕ್ಕ ಮತ್ತು ಹಿಕ್ಕೆ, ಮನೆ ಕಟ್ಟುವಾಗ ಉಳಿದ ಉಸುಕು, ಇವೆಲ್ಲ ಗಾಳಿಗೆ ಸರಿದು ಸರಿದು ಮಾಳಿಗೆಯ ತಗ್ಗಿನ ಮೂಲೆಗೆ, ಅಂದರೆ ನೀರಿನ ಕಿಂಡಿಯ ಬಾಯಿಗೇ ಬಂದು ಸೇರುತ್ತವೆ. ಮೊದಲ ಮಳೆಗೆ ಇದು ಕೆಸರಾಗಿ ಪೈಪಿನೊಳಗೆ ಇಳಿಯುತ್ತದೆ, ನಾಲ್ಕು ದಿನದ ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಎರಡನೆಯ ಮಳೆಗೆ ನೀರು ನಿಲ್ಲುತ್ತದೆ. ಮಲೆನಾಡಿನವರು ಮಳೆಗಾಲದುದ್ದಕ್ಕೂ ಎಲೆ ಬಾಚುವ ಕ್ರಮ ನಮಗೆ ಹೊಂದುವುದಿಲ್ಲ. ನಮ್ಮ ದೊಡ್ಡ ಕೆಲಸ ಮಳೆಗೆ ಮೊದಲೇ, ಮೇ ತಿಂಗಳ ಕೊನೆಯ ರೋಹಿಣಿ ಮಳೆಯ ದಿನಗಳಲ್ಲಿ, ಜೂನ್ 7 ಅಥವಾ 8ಕ್ಕೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲು ಮುಗಿಯಬೇಕು.

ಇಷ್ಟೊಂದು ಮುತುವರ್ಜಿ ಏಕೆಂದು ಕೇಳುವವರು ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು ಸೇರುತ್ತದೆ. 1,000 ಚದರ ಅಡಿಯ ಮಾಳಿಗೆ ಎಂದರೆ ಸುಮಾರು 93 ಚದರ ಮೀಟರ್, 50 ಮಿ.ಮೀ. ಮಳೆಗೆ ಅದರ ಮೇಲೆ ಬೀಳುವ ನೀರು ಸುಮಾರು 4,600 ಲೀಟರ್, ಅಂದರೆ ಒಂದು ಟ್ಯಾಂಕರಿನಷ್ಟು. ಸುತ್ತಲೂ ಪ್ಯಾರಾಪೆಟ್ ಗೋಡೆ ಇದ್ದು ಕಿಂಡಿಗಳು ಕಟ್ಟಿಕೊಂಡು 10 ಸೆಂ.ಮೀ. ನೀರು ನಿಂತರೆ ಆ ಮಾಳಿಗೆಯ ಮೇಲೆ ಒಂಬತ್ತು ಟನ್ನಿಗೂ ಹೆಚ್ಚು ಭಾರ ಕೂತಂತಾಯಿತು. ಭಾರವನ್ನು ಹೊಸ ಮನೆ ತಡೆದುಕೊಂಡೀತು, ಆದರೆ ನಿಂತ ನೀರು ಸಣ್ಣ ಬಿರುಕುಗಳನ್ನು ಹುಡುಕಿಕೊಂಡು ಕಬ್ಬಿಣದ ಸರಳಿನವರೆಗೆ ಇಳಿಯುತ್ತದೆ. ಸರಳು ತುಕ್ಕು ಹಿಡಿದು ಉಬ್ಬಿದ ಮೇಲೆ ಕೋಣೆಯ ಮೇಲ್ಭಾಗದ ಗಿಲಾವು ಹಪ್ಪಳೆಯಾಗಿ ಉದುರತೊಡಗುತ್ತದೆ. ಆಗ ಆಗುವ ಖರ್ಚಿನ ಮುಂದೆ ವರ್ಷಕ್ಕೆ ಎರಡು ಬೆಳಗಿನ ದುಡಿಮೆ ದೊಡ್ಡದಲ್ಲ.

ಕೆಲಸ ಕೆಳಗಿನಿಂದ ಶುರುವಾಗಲಿ

ಹೆಚ್ಚಿನವರು ಕಸಬರಿಗೆ ಹಿಡಿದು ನೇರವಾಗಿ ಮಾಳಿಗೆ ಹತ್ತುತ್ತಾರೆ, ಗುಡಿಸಿದ ಕಸ ಒಂದಿಷ್ಟು ಕಿಂಡಿಯೊಳಗೆ ಬಿದ್ದರೂ ನೀರು ಹಾಕಿದರೆ ಹೋದೀತೆಂದು ಬಿಡುತ್ತಾರೆ. ಇದು ತಲೆಕೆಳಗಾದ ಕ್ರಮ. ಪೈಪಿನ ಕೆಳಗಿನ ಬಾಯಿ ಮುಚ್ಚಿಕೊಂಡಿದ್ದರೆ ಮೇಲಿನಿಂದ ಹಾಕಿದ ಪ್ರತಿ ಬಕೆಟ್ ನೀರೂ ಕಸವನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತದೆ. ಆದ್ದರಿಂದ ಮೊದಲು ಅಂಗಳದಲ್ಲಿ ನಿಂತು ಪ್ರತಿ ಪೈಪಿನ ಕೊನೆಯನ್ನು ನೋಡಬೇಕು. ಬಾಯಿ ನೆಲದಿಂದ ಒಂದು ಗೇಣಾದರೂ ಮೇಲಿದೆಯೇ, ಅಂಗಳ ಎತ್ತರಿಸಿದಾಗ ಅದು ಮಣ್ಣಿನಲ್ಲಿ ಹೂತುಹೋಗಿದೆಯೇ, ಒಳಗೆ ಇಲಿ ಗೂಡು ಮಾಡಿದೆಯೇ ಎಂಬುದನ್ನು ಕೋಲಿನಿಂದ ಕೆದಕಿ ತಿಳಿದುಕೊಳ್ಳಬೇಕು. ಕೈಯನ್ನು ಎಂದಿಗೂ ಮೊದಲೇ ಒಳಗೆ ಹಾಕಬಾರದು, ಏಕೆಂದರೆ ಬೇಸಿಗೆಯಲ್ಲಿ ತಂಪು ಹುಡುಕುವ ಚೇಳಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಪೈಪಿನ ನೀರು ಹೋಗಿ ಸೇರುವ ಅಂಗಳದ ಸಣ್ಣ ಕಾಲುವೆಯನ್ನೂ, ಅದರ ಮೇಲಿನ ಫರಸಿ ಕಲ್ಲನ್ನು ಎಬ್ಬಿಸಿ, ಬೀದಿಯ ಗಟಾರದವರೆಗೆ ಇದೇ ಹೊತ್ತಿನಲ್ಲಿ ಕೆರೆದು ತೆಗೆಯಬೇಕು. ತೆಗೆದ ಹೂಳನ್ನು ಗಟಾರದೊಳಗೇ ತಳ್ಳಿದರೆ ಮೊದಲ ಜೋರು ಮಳೆಗೆ ಅದೇ ನೀರು ಹೊರಳಿ ಮನೆಯ ಹೊಸ್ತಿಲಿಗೆ ಬರುತ್ತದೆ.

ಕೆಳಗಿನ ದಾರಿ ತೆರೆದ ಮೇಲೆ ಮಾಳಿಗೆ ಹತ್ತಬಹುದು. ಮೇ ತಿಂಗಳಲ್ಲಿ 42–43 ಡಿಗ್ರಿ ಬಿಸಿಲು ಕಾಯುವ ಊರಿನಲ್ಲಿ ಈ ಕೆಲಸವನ್ನು ಬೆಳಗಿನ ಎಂಟು ಗಂಟೆಯೊಳಗೆ ಮುಗಿಸುವುದು ಮೇಲು. ಏಣಿ ಇಟ್ಟು ಹತ್ತುವ ಮನೆಗಳಲ್ಲಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಏಣಿಯ ಬುಡ ಗೋಡೆಯಿಂದ ದೂರವಿರಲಿ, ಕೆಳಗೆ ಒಬ್ಬರು ಹಿಡಿದುಕೊಂಡು ನಿಲ್ಲಲಿ. ವಿದ್ಯುತ್ ಕಂಬದಿಂದ ಮನೆಗೆ ಬಂದ ಸರ್ವಿಸ್ ವೈರು ಮಾಳಿಗೆಯ ಅಂಚಿನಲ್ಲೇ ಹಾದುಹೋಗಿದ್ದರೆ ಕಬ್ಬಿಣದ ಸರಳು, ಅಲ್ಯೂಮಿನಿಯಂ ಏಣಿ ಮತ್ತು ಒದ್ದೆ ಬಿದಿರನ್ನು ಆ ಕಡೆ ಒಯ್ಯಲೇಬಾರದು. ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಗಟ್ಟಿ ಕಸಬರಿಗೆ, ಖುರಪಿ, ಗೌಂಡಿಗಳು ಬಳಸುವ ಕರಣಿ, ಒಂದು ಬುಟ್ಟಿ, ದಪ್ಪ ರಬ್ಬರಿನ ಕೈಗವಸು, ಮೂಗಿಗೆ ಕಟ್ಟಿಕೊಳ್ಳಲು ಒದ್ದೆ ಮಾಡಿದ ಟವೆಲ್. ಪಾರಿವಾಳದ ಒಣ ಹಿಕ್ಕೆಯ ದೂಳು ಪುಪ್ಪುಸಕ್ಕೆ ಒಳ್ಳೆಯದಲ್ಲವಾದ್ದರಿಂದ ಅದರ ಮೇಲೆ ಮೊದಲು ನೀರು ಚಿಮುಕಿಸಿ, ಹಸಿಯಾದ ಮೇಲೆಯೇ ಕೆರೆಯಬೇಕು.

ಗುಡಿಸುವ ಮೊದಲು ಪ್ರತಿ ಕಿಂಡಿಯ ಬಾಯಿಗೆ ಹಳೆಯ ಬಟ್ಟೆಯ ಉಂಡೆಯೊಂದನ್ನು ತುರುಕಿಡಬೇಕು. ಅನಂತರ ಎತ್ತರದ ಕಡೆಯಿಂದ ತಗ್ಗಿನ ಕಡೆಗೆ ಗುಡಿಸುತ್ತ ಬಂದು, ಕಿಂಡಿಗೆ ಎರಡು ಮೊಳ ದೂರದಲ್ಲೇ ಕಸವನ್ನು ಬುಟ್ಟಿಗೆ ತುಂಬಬೇಕು. ಅಟ್ಟದ ಮೇಲೆ ಜಾಗವಿಲ್ಲವೆಂದು ಮಾಳಿಗೆಗೆ ಸೇರಿಸಿದ ಹಳೆಯ ಟೈರು, ಒಡೆದ ಕೊಡ, ಉಳಿದ ಟೈಲ್ಸು, ಸೋಲಾರ್ ಹೀಟರಿನ ಹಳೆಯ ಗಾಜಿನ ಕೊಳವೆ, ಇವುಗಳಿಗೆ ಅಂದೇ ಒಂದು ಗತಿ ಕಾಣಿಸುವುದು ಲೇಸು. ಹಳ್ಳಿಗಳಲ್ಲಿ ಉರುವಲಿಗೆಂದು ತೊಗರಿ ಕಟ್ಟಿಗೆಯನ್ನು ಮಾಳಿಗೆಯ ಮೇಲೆ ಒಟ್ಟುವ ರೂಢಿಯಿದೆ. ಒಟ್ಟುವುದಾದರೆ ನೀರು ಹರಿಯುವ ಓಟವನ್ನು ಬಿಟ್ಟು, ಎರಡು ಕಲ್ಲಿನ ಮೇಲೆ ಅಡ್ಡಪಟ್ಟಿ ಇಟ್ಟು ಒಟ್ಟಬೇಕು.

ಕೊನೆಗೆ ಕಿಂಡಿಯ ಬಾಯಿ. ಬಟ್ಟೆಯ ಉಂಡೆಯನ್ನು ತೆಗೆದು, ಜಾಲರಿಯಿದ್ದರೆ ಅದನ್ನೂ ಎತ್ತಿ, ಕರಣಿಯ ತುದಿಯಿಂದ ಒಳಗೆ ಕೆರೆದಾಗ ಹೊರಬರುವ ಮುದ್ದೆಯನ್ನು ಒಮ್ಮೆ ಒಡೆದು ನೋಡಿದರೆ ಮಾಳಿಗೆಯ ಸಮಸ್ಯೆ ಏನೆಂಬುದು ತಿಳಿಯುತ್ತದೆ. ಸಾಮಾನ್ಯವಾಗಿ ಅದರ ಎಲುಬುಗೂಡು ಬೇವಿನ ಎಲೆಯ ಕಡ್ಡಿಗಳದು. ಬೇವಿನ ಸಣ್ಣ ಎಲೆಗಳು ಒಣಗಿ ಪುಡಿಯಾಗಿ ಹೋದರೂ ಗೇಣುದ್ದದ ನಡುಕಡ್ಡಿ ಕೊಳೆಯದೆ ಒಂದರ ಮೇಲೊಂದು ಅಡ್ಡಬಿದ್ದು ಹೆಣೆದುಕೊಳ್ಳುತ್ತದೆ. ಆ ಹೆಣಿಗೆಯಲ್ಲಿ ಗಾಳಿಪಟದ ದಾರ, ಗುಟ್ಕಾ ಚೀಟಿ, ಪುಕ್ಕ ಸಿಕ್ಕಿಕೊಳ್ಳುತ್ತವೆ, ಕೊನೆಗೆ ಕರಿಮಣ್ಣು ಬಂದು ಸಂದುಗಳನ್ನೆಲ್ಲ ಮೆತ್ತಿಬಿಡುತ್ತದೆ. ಮುದ್ದೆಯಲ್ಲಿ ಕಡ್ಡಿ ಹೆಚ್ಚಿದ್ದರೆ ಮನೆಯ ಮೇಲೆ ಚಾಚಿದ ಕೊಂಬೆಯನ್ನು ಕಡಿಸಬೇಕು, ಉಸುಕು ಹೆಚ್ಚಿದ್ದರೆ ಮಾಳಿಗೆಯ ಗಚ್ಚೇ ಸವೆದು ಏಳುತ್ತಿದೆ ಎಂದು ಸಂಶಯಿಸಬೇಕು. ವಾಡಿ, ಸೇಡಂ, ಮಳಖೇಡದಂಥ ಸಿಮೆಂಟ್ ಕಾರ್ಖಾನೆಗಳಿರುವ ಊರುಗಳ ಆಸುಪಾಸಿನಲ್ಲಿ ಬೂದುಬಣ್ಣದ ಗಟ್ಟಿ ಪದರ ಸಿಗುವುದೂ ಉಂಟು. ಹಸಿಯಾಗಿ ಒಣಗಿದ ಅಂಥ ದೂಳು ಕಸಬರಿಗೆಗೆ ಜಗ್ಗುವುದಿಲ್ಲ, ಕರಣಿಯಿಂದಲೇ ಎಬ್ಬಿಸಬೇಕು.

ಪೈಪು ಕಟ್ಟಿಕೊಂಡಿದ್ದರೆ

ಬಾಯಿ ಸ್ವಚ್ಛವಾದ ಮೇಲೆ ಎರಡು ಬಕೆಟ್ ನೀರನ್ನು ಒಮ್ಮೆಲೇ ಸುರಿದು, ಕೆಳಗೆ ನಿಂತವರಿಗೆ ನೀರು ಎಷ್ಟು ದಪ್ಪವಾಗಿ ಬೀಳುತ್ತಿದೆ ಎಂದು ಕೇಳಬೇಕು. ಧಾರೆ ಪೈಪಿನ ಗಾತ್ರಕ್ಕೆ ತಕ್ಕಂತೆ ರಭಸವಾಗಿ ಬಂದು ಬೇಗ ನಿಂತರೆ ದಾರಿ ಸರಿಯಾಗಿದೆ. ತೆಳ್ಳಗೆ ಬಹಳ ಹೊತ್ತು ಸುರಿಯುತ್ತಿದ್ದರೆ ನಡುವೆ ಎಲ್ಲೋ ಅಡ್ಡಿಯಿದೆ. ಗೋಡೆಗುಂಟ ಇಳಿದ ಪೈಪನ್ನು ಮರದ ತುಂಡಿನಿಂದ ಮೇಲಿನಿಂದ ಕೆಳಗೆ ಮೆಲ್ಲಗೆ ಬಡಿಯುತ್ತ ಬಂದರೆ ಖಾಲಿ ಇರುವಲ್ಲಿ ಪೊಳ್ಳು ಸದ್ದು, ತುಂಬಿರುವಲ್ಲಿ ಮಂದ ಸದ್ದು ಕೇಳಿಸುತ್ತದೆ. ಅಡ್ಡಿ ಬಹುಮಟ್ಟಿಗೆ ಸಿಗುವುದು ಮೊಣಕೈ ಜೋಡಣೆಯಲ್ಲಿ. ಅದನ್ನು ಕೆಳಗಿನಿಂದಲೇ ಬಿಡಿಸಬೇಕು: ನೀರಿನ ರಬ್ಬರ್ ಪೈಪನ್ನು ಕೆಳಬಾಯಿಯಿಂದ ಮೇಲಕ್ಕೆ ತೂರಿಸಿ ನೀರು ಬಿಟ್ಟು ಮುದ್ದೆಯನ್ನು ನೆನೆಸಿ, ಬಳಿಕ ವೈರಿಂಗ್ ಕೆಲಸದವರು ಬಳಸುವ ಬಾಗುವ ಸ್ಪ್ರಿಂಗ್ ತಂತಿಯನ್ನು ತಿರುವುತ್ತ ಒಳಗೆ ನೂಕಿದರೆ ಅದು ತುಂಡುತುಂಡಾಗಿ ಕೆಳಗೆ ಬರುತ್ತದೆ. ಕಬ್ಬಿಣದ ಸರಳಿನಿಂದ ಮೇಲಿನಿಂದ ಕುಟ್ಟುವುದು ಬೇಡ, ಏಕೆಂದರೆ ವರ್ಷಗಟ್ಟಲೆ ಬಿಸಿಲುಂಡ ಪಿವಿಸಿ ಪೈಪು ಪೆಡಸಾಗಿ ಜೋಡಣೆಯ ಬಳಿ ಸೀಳುತ್ತದೆ. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಸುರಿಯುವುದಂತೂ ನಮ್ಮ ಸೀಮೆಯಲ್ಲಿ ತೀರ ಅವಿವೇಕ. ನಮ್ಮ ಅಂಗಳ, ಪಡಸಾಲೆ, ಹಲವು ಮನೆಗಳ ಮಾಳಿಗೆ ಕೂಡ ಶಹಾಬಾದ್ ಫರಸಿಯವು, ಅದು ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದಲ್ಲಿ ಅದು ಬುರುಗೆದ್ದು ಕರಗುತ್ತದೆ, ಗಚ್ಚಿನ ಸಂದುಗಳೂ ಬಿಟ್ಟುಕೊಳ್ಳುತ್ತವೆ, ಕರಿಮಣ್ಣಿನ ಮುದ್ದೆ ಮಾತ್ರ ಇದ್ದಲ್ಲೇ ಇರುತ್ತದೆ.

ಪ್ರತಿ ವರ್ಷ ಸ್ವಚ್ಛ ಮಾಡಿದರೂ ಜೋರು ಮಳೆಗೆ ನೀರು ನಿಲ್ಲುತ್ತಿದ್ದರೆ ತಪ್ಪು ಕಸದ್ದಲ್ಲ, ಪೈಪಿನ ಲೆಕ್ಕದ್ದು. ಗಂಟೆಗೆ 100 ಮಿ.ಮೀ. ವೇಗದ ಮಳೆ ಹಿಡಿದರೆ 4 ಇಂಚಿನ ಪೈಪು ಸುಮಾರು 40 ಚದರ ಮೀಟರ್, ಅಂದರೆ 400 ಚದರ ಅಡಿಗೆ ಕೊಂಚ ಮೇಲ್ಪಟ್ಟ ಮಾಳಿಗೆಯ ನೀರನ್ನಷ್ಟೇ ಇಳಿಸಬಲ್ಲದು. 1,000 ಚದರ ಅಡಿಗೆ ಒಂದೇ ಪೈಪು ಕೊಟ್ಟಿರುವ ಮನೆಗಳು ಕಡಿಮೆಯಿಲ್ಲ. ಅಲ್ಲಿ ಇನ್ನೆರಡು ಪೈಪು ಕೂಡಿಸುವುದೇ ಪರಿಹಾರ. ಇಳಿಜಾರು ಕೂಡ ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟಾದರೂ ಇರಬೇಕು. ಜೊತೆಗೆ ಪ್ಯಾರಾಪೆಟ್ ಗೋಡೆಯಲ್ಲಿ, ಮಾಳಿಗೆಯ ಮಟ್ಟಕ್ಕಿಂತ ಎರಡು ಮೂರು ಇಂಚು ಮೇಲೆ, ಒಂದು ಹೆಚ್ಚುವರಿ ತೂತು ಇಡಿಸಿಕೊಂಡರೆ ಬಹಳ ಉಪಯೋಗ. ಎಲ್ಲ ಸರಿಯಿದ್ದಾಗ ಅದರಿಂದ ಹನಿ ನೀರೂ ಬರುವುದಿಲ್ಲ. ಅದರಿಂದ ನೀರು ಬೀಳತೊಡಗಿದರೆ ಕೆಳಗಿನ ಕಿಂಡಿ ಕಟ್ಟಿಕೊಂಡಿದೆ ಎಂಬುದು ಮಾಳಿಗೆ ಹತ್ತದೆಯೇ, ಮಳೆಯಲ್ಲೇ ಗೊತ್ತಾಗುತ್ತದೆ. ಈ ತೂತಿನ ಖರ್ಚು ಗೌಂಡಿಯ ಅರ್ಧ ದಿನದ ಕೂಲಿಯನ್ನು ಮೀರುವುದಿಲ್ಲ, ಆದರೂ ಹೊಸ ಮನೆ ಕಟ್ಟಿಸುವವರು ಇದನ್ನು ಏಕೆ ಮರೆಯುತ್ತಾರೋ ತಿಳಿಯದು.

ಜಾಲರಿಯ ವಿಷಯದಲ್ಲಿ ಒಂದು ಮಾತು. ಚಪ್ಪಟೆ ಜಾಲರಿ ಒಂದೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಪೂರ್ತಿ ಮುಚ್ಚಿಹೋಗುತ್ತದೆ, ಗುಮ್ಮಟದಂತೆ ಎದ್ದಿರುವ ಜಾಲರಿಗೆ ಬುಡದಲ್ಲಿ ಕಸ ಸೇರಿದರೂ ಮೇಲ್ಭಾಗದಿಂದ ನೀರು ಇಳಿಯುತ್ತಿರುತ್ತದೆ. ಸೊಳ್ಳೆ ಪರದೆಯಷ್ಟು ಸಣ್ಣ ಕಣ್ಣಿನ ಜಾಲರಿಯನ್ನು ಹಾಕಿದರೆ ನಮ್ಮ ದೂಳಿಗೆ ಅದೇ ಮುಚ್ಚಳವಾಗುತ್ತದೆ. ಕಿರುಬೆರಳು ಹೋಗುವಷ್ಟು ಸಂದು ಇರಲಿ.

ಮಣ್ಣಿನ ಮಾಳಿಗೆ, ತಗಡು, ಸಿಮೆಂಟ್ ಶೀಟು

ತೊಲೆ ಜಂತಿಗಳ ಮೇಲೆ ಮಣ್ಣು ಹಾಕಿದ ಹಳೆಯ ಮಾಳಿಗೆಗಳು ಹಳ್ಳಿಗಳಲ್ಲಿ ಇನ್ನೂ ಸಾಕಷ್ಟಿವೆ, ಅವುಗಳ ಆರೈಕೆ ಬೇರೆಯೇ. ಅಲ್ಲಿ ನೀರು ಹಾಕಿ ತೊಳೆಯುವಂತಿಲ್ಲ, ಗಟ್ಟಿಯಾಗಿ ಕೆರೆಯುವಂತೆಯೂ ಇಲ್ಲ. ಬೇಸಿಗೆಯ ಕೊನೆಯಲ್ಲಿ ಮಾಳಿಗೆಯ ಮೇಲಿನ ಒಣಹುಲ್ಲನ್ನು ಬೇರುಸಹಿತ ಕಿತ್ತು, ಇಲಿಯ ಬಿಲಗಳನ್ನು ಮುಚ್ಚಿ, ಸವಳು ಮಣ್ಣು ಹರವಿ, ನೀರು ಹೊರಕ್ಕೆ ಬೀಳುವ ಹರನಾಳಿಗೆಯ ಕಡೆಗೆ ಇಳಿಜಾರು ಬರುವಂತೆ ಬಡಿದು ಸಮ ಮಾಡುವುದು ಹಿಂದಿನಿಂದ ಬಂದ ಪದ್ಧತಿ. ಸವಳು ಮಣ್ಣು ನೀರು ತಾಕಿದಾಗ ಅತಿ ಸಣ್ಣ ಕಣಗಳಾಗಿ ಹರಡಿ ಸಂದುಗಳನ್ನು ಮುಚ್ಚುತ್ತದೆ, ಅದಕ್ಕೇ ಹಿರಿಯರು ಅದನ್ನು ಆರಿಸಿಕೊಂಡದ್ದು. ಹೊಸ ಮಣ್ಣು ಹಾಕಿದ ವರ್ಷ ಹರನಾಳಿಗೆಯನ್ನು ಮೊದಲ ಎರಡು ಮೂರು ಮಳೆಗಳ ನಂತರ ಪ್ರತಿ ಸಲವೂ ನೋಡಬೇಕು, ಏಕೆಂದರೆ ಕೂರದ ಮಣ್ಣು ಮೊದಲು ಕೊಚ್ಚಿಕೊಂಡು ಬರುವುದು ಅದರ ಬಾಯಿಗೇ. ಹರನಾಳಿಗೆ ಗೋಡೆಯಿಂದ ಸಾಕಷ್ಟು ಹೊರಚಾಚಿಲ್ಲದಿದ್ದರೆ ನೀರು ಮಣ್ಣಿನ ಗೋಡೆಗೇ ಬಡಿಯುತ್ತದೆ; ತಗಡಿನ ತುಂಡೊಂದನ್ನು ದೋಣಿಯಂತೆ ಮಡಿಸಿ ಮುಂದಕ್ಕೆ ಕೂಡಿಸಿದರೆ ಸಾಕು.

ತಗಡಿನ ಮನೆಗಳಲ್ಲಿ ಕಸ ಕೂಡುವುದು ತಗಡು ಮತ್ತು ಪಕ್ಕದ ಗೋಡೆ ಸೇರುವ ತಗ್ಗಿನಲ್ಲಿ ಹಾಗೂ ಅಂಚಿನಲ್ಲಿ ನೀರು ಹಿಡಿಯುವ ದೋಣಿಯಲ್ಲಿ. ಅಲ್ಲಿ ಒದ್ದೆ ಕಸ ಒಂದು ಮಳೆಗಾಲ ಕೂತರೆ ತುಕ್ಕು ಹಿಡಿದು ತೂತು ಬೀಳುತ್ತದೆ. ಸಿಮೆಂಟ್ ಶೀಟಿನ ಮೇಲೆ ಯಾರೂ ಕಾಲಿಡಬಾರದು. ಹಳೆಯ ಶೀಟು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಏಣಿಯ ಮೇಲೆ ನಿಂತು ಉದ್ದ ಕೋಲಿಗೆ ಕಟ್ಟಿದ ಕಸಬರಿಗೆಯಿಂದ, ನೀರು ಚಿಮುಕಿಸಿ ನೆನೆಸಿಕೊಂಡು ಎಳೆಯಬೇಕು. ಒಣಗಿದ್ದಾಗ ಉಜ್ಜಿದರೆ ಹಳೆಯ ಶೀಟಿನೊಳಗಿನ ಕಲ್ನಾರಿನ (ಆಸ್ಬೆಸ್ಟಾಸ್) ಎಳೆಗಳು ಗಾಳಿಗೇರುತ್ತವೆ.

ಮಳೆಗಾಲದ ನಡುವೆ

ಮಿರಗದ ಮೊದಲ ಹದವಾದ ಮಳೆ ಬಿದ್ದ ಮರುದಿನ ಬೆಳಿಗ್ಗೆ ಒಮ್ಮೆ ಮಾಳಿಗೆ ಹತ್ತಿ, ನೀರು ನಿಂತ ಜಾಗಗಳ ಅಂಚಿಗೆ ಸುಣ್ಣದಿಂದ ಗೆರೆ ಎಳೆಯಬೇಕು. ಮುಂದೆ ಗಚ್ಚು ಹಾಕಿಸುವಾಗ ಗೌಂಡಿಗೆ ಬಾಯಲ್ಲಿ ಹೇಳುವುದಕ್ಕಿಂತ ಈ ಗೆರೆ ತೋರಿಸುವುದು ಒಳಿತು. ಜೂನ್ ಮತ್ತು ಜುಲೈನಲ್ಲಿ ಬೇವಿನ ಹಣ್ಣು ಉದುರುತ್ತದೆ. ಅದರ ಅಂಟು ತಿರುಳು ಮತ್ತು ಬೀಜ ಜಾಲರಿಯ ಕಣ್ಣಿಗೆ ಸರಿಯಾಗಿ ಕೂಡುತ್ತವಾದ್ದರಿಂದ ಗಿಡದ ಕೆಳಗಿನ ಮನೆಯವರು ವಾರಕ್ಕೊಮ್ಮೆ ಕೈಯಾಡಿಸಲೇಬೇಕು. ಉಳಿದವರಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಸಾಕು, ಆದರೆ ನಿಂತ ನೀರನ್ನು ಮಾತ್ರ ವಾರ ಮೀರಿ ಬಿಡಬಾರದು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ, ಮತ್ತು ಆ ಮೊಟ್ಟೆಗಳು ನೀರು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದ್ದರಿಂದ ದೋಣಿಯಲ್ಲಿ ನಿಂತ ನೀರನ್ನು ಚೆಲ್ಲಿದರಷ್ಟೇ ಆಗದು, ಅದರ ಒಳಬದಿಯನ್ನು ಬ್ರಶ್ಶಿನಿಂದ ಉಜ್ಜಬೇಕು.

ವರ್ಷದ ಎರಡನೆಯ ದೊಡ್ಡ ಸ್ವಚ್ಛತೆಗೆ ಆಗಸ್ಟ್ ತಿಂಗಳ ಕೊನೆಯ ವಾರ ಸರಿಯಾದ ಸಮಯ. ಮಳೆಗಾಲ ಮುಗಿಯುತ್ತ ಬಂತೆಂದು ಎಲ್ಲರೂ ಕೈಬಿಡುವ ಹೊತ್ತಿಗೇ ಕಲಬುರಗಿ ಮತ್ತು ಯಾದಗಿರಿಯ ಜೋರು ಮಳೆಗಳು ಬರುತ್ತವೆ. ಹುಬ್ಬಿ, ಉತ್ತರಿ, ಹಸ್ತ ಮಳೆಗಳು ಇಲ್ಲಿ ಮಿರಗಕ್ಕಿಂತ ಬಿರುಸಾಗಿ ಹೊಡೆಯುವುದು ಅಪರೂಪವಲ್ಲ. 2020ರಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ ಪ್ರವಾಹ ಬಂದದ್ದು ಅಕ್ಟೋಬರ್ ಮಧ್ಯದಲ್ಲಿ. ಈ ಸಲದ ಸ್ವಚ್ಛತೆಯಲ್ಲಿ ಕಸಕ್ಕಿಂತ ಹೆಚ್ಚಾಗಿ ಚಿಗುರನ್ನು ಹುಡುಕಬೇಕು. ಹಕ್ಕಿಯ ಹಿಕ್ಕೆಯಿಂದ ಬಿದ್ದ ಅರಳಿ, ಆಲದ ಬೀಜಗಳು ಕಿಂಡಿಯ ಸುತ್ತಲಿನ ಹಸಿಯಲ್ಲಿ ಮೊಳೆತು ನಾಲ್ಕಾರು ಎಲೆ ಬಿಟ್ಟಿರುತ್ತವೆ. ಬೆರಳುದ್ದ ಇರುವಾಗ, ನೆಲ ಹಸಿಯಾಗಿದ್ದಾಗ ಎಳೆದರೆ ಬೇರುಸಹಿತ ಬರುತ್ತದೆ. ಒಂದು ವರ್ಷ ಬಿಟ್ಟು ಕತ್ತರಿಸಿದರೆ ಬೇರಿನಿಂದ ಮತ್ತೆ ಮತ್ತೆ ಚಿಗುರುತ್ತದೆ, ಆಮೇಲೆ ಗೋಡೆಯ ಸಂದನ್ನು ಒಡೆದು ಬೇರು ತೆಗೆಸಬೇಕಾಗುತ್ತದೆ.

ಗುಡುಗು ಮಿಂಚಿನ ಹೊತ್ತಿನಲ್ಲಿ ಎಷ್ಟೇ ನೀರು ನಿಂತಿದ್ದರೂ ಮಾಳಿಗೆ ಹತ್ತುವುದು ಬೇಡ.

ನೀರು ಬೀಳುವ ಜಾಗ

ಪೈಪು ಎಷ್ಟೇ ಸ್ವಚ್ಛವಿದ್ದರೂ ನೀರು ಗೋಡೆಯ ಬುಡಕ್ಕೇ ಬಿದ್ದರೆ ಎರೆಭೂಮಿಯಲ್ಲಿ ಅದು ಹೊಸ ತೊಂದರೆಗೆ ದಾರಿ. ಕರಿಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮನೆಯ ಒಂದು ಮೂಲೆಯ ಮಣ್ಣು ಮಾತ್ರ ಹೀಗೆ ಏರಿಳಿದರೆ ಬಾಗಿಲು ಕಿಟಕಿಗಳ ಮೂಲೆಯಿಂದ ಗೋಡೆ ಓರೆಯಾಗಿ ಸೀಳುತ್ತದೆ. ಆದ್ದರಿಂದ ಪೈಪಿನ ಬಾಯಿಗೆ ಮೊಣಕೈ ಜೋಡಿಸಿ ನೀರನ್ನು ಗೋಡೆಯಿಂದ ಮೂರು ನಾಲ್ಕು ಅಡಿ ದೂರಕ್ಕೆ ಒಯ್ಯಬೇಕು, ಅಥವಾ ಗೋಡೆಗುಂಟ ಫರಸಿಯನ್ನು ಹೊರಕ್ಕೆ ಇಳಿಜಾರಾಗಿ ಹಾಸಿ ಸಂದುಗಳನ್ನು ಗಚ್ಚಿನಿಂದ ತುಂಬಬೇಕು. ಮೇ ತಿಂಗಳಲ್ಲಿ ಬುನಾದಿಯ ಪಕ್ಕ ಬಾಯಿಬಿಟ್ಟ ನೆಲದ ಬಿರುಕುಗಳನ್ನು ಮೊರಂ (ಗರಸು ಮಣ್ಣು) ಹಾಕಿ ಮುಚ್ಚುವುದೂ ಇದೇ ಕೆಲಸದ ಭಾಗ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಭಯ ಕಡಿಮೆ. ಅಲ್ಲಿ ನೀರನ್ನು ಇಂಗುಗುಂಡಿಗೆ ಬಿಡಬಹುದು, ಆದರೆ ಗುಂಡಿ ಗೋಡೆಯಿಂದ ಹತ್ತು ಅಡಿಯಾದರೂ ದೂರವಿರಲಿ. ಮಾಳಿಗೆಯ ನೀರನ್ನು ನೆಲದ ಟಾಂಕಿಗೆ ತುಂಬಿಸುವವರು ಪೈಪಿನಲ್ಲಿ ಒಂದು ವಾಲ್ವ್ ಇಡಿಸಿ, ಮೊದಲ ಮಳೆಗಳ ಹೊಲಸು ನೀರನ್ನು ಹೊರಗೆ ಬಿಟ್ಟು ಬಳಿಕ ತಿರುಗಿಸಿಕೊಳ್ಳಬೇಕು.

ದೀಪಾವಳಿಯಿಂದ ಬೇಸಿಗೆಯವರೆಗೆ

ಚಳಿಗಾಲದಲ್ಲಿ ಕೆಲಸ ಕಡಿಮೆ. ದೀಪಾವಳಿಗೆ ಮನೆ ಸುಣ್ಣ ಬಣ್ಣ ಮಾಡುವಾಗ ಮಾಳಿಗೆಯನ್ನೂ ಒಮ್ಮೆ ಗುಡಿಸಿ, ಬಣ್ಣದವರು ಕೆರೆದು ಬಿಟ್ಟ ಹಳೆಯ ಸುಣ್ಣದ ಹಕ್ಕಳೆಯನ್ನು ಕಿಂಡಿಗೆ ಹೋಗದಂತೆ ತುಂಬಿ ತೆಗೆಯಬೇಕು. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮುಗಿದ ಮೇಲೆ ಕಣದ ಪಕ್ಕದ ಮನೆಗಳವರು ಹೊಟ್ಟನ್ನು ಒಮ್ಮೆ ಬಳಿದುಹಾಕಿದರೆ ಮೇ ತಿಂಗಳ ಭಾರ ಅರ್ಧಕ್ಕಿಳಿಯುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಬೇವು ಎಲೆ ಉದುರಿಸುತ್ತದೆ. ಯುಗಾದಿಗೆ ಬೇವಿನ ಹೂ ತರಲು ಗಿಡದ ಬಳಿ ಹೋದಾಗಲೇ ಮಾಳಿಗೆಯ ಎಲೆಯನ್ನೂ ನೋಡಿಕೊಳ್ಳಬಹುದು. ಒಣ ಎಲೆಯನ್ನು ಸುಡುವ ಬದಲು ಗಿಡಗಳ ಬುಡಕ್ಕೆ ಹಾಕಿದರೆ ಒಳ್ಳೆಯ ಮುಚ್ಚಿಗೆಯಾಗುತ್ತದೆ. ಈ ತಿಂಗಳುಗಳಲ್ಲಿ ಅಕಾಲದ ಗಾಳಿಮಳೆಯೂ ಉಂಟು. 2014ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಗಳಲ್ಲಿ ಬಿದ್ದ ಆಲಿಕಲ್ಲು ಬೆಳೆಗಳನ್ನು ನೆಲಕಚ್ಚಿಸಿದ್ದು ಹಲವರಿಗೆ ನೆನಪಿರಬಹುದು. ಅಂಥ ಮಳೆಯ ಮರುದಿನ ಪೆಡಸಾದ ಪಿವಿಸಿ ಪೈಪು ಸೀಳಿದೆಯೇ, ಕ್ಲಾಂಪು ಸಡಿಲವಾಗಿದೆಯೇ ನೋಡಿ ಬದಲಿಸಿಕೊಂಡರೆ ಮೇ ತಿಂಗಳ ಕೊನೆಯಲ್ಲಿ ಪ್ಲಂಬರುಗಳೆಲ್ಲ ಒಮ್ಮೆಲೇ ಸಿಗದಾಗುವ ಹೊತ್ತಿಗೆ ನಿಮ್ಮ ಮನೆಯ ಕೆಲಸ ಮುಗಿದಿರುತ್ತದೆ.